ಹಳೇ 3ಡಿ ಪ್ರಿಂಟರ್ ಫ್ರೇಮಿಗೆ ಯಾವ ಲೇಸರ್ ಡಯೋಡ್ ಹಾಕಲಿ?

ನಿಮ್ಮ ಹತ್ತಿರ ಹಳೇ 3ಡಿ ಪ್ರಿಂಟರ್ ಫ್ರೇಮ್ ಇದೆ, 3 ಎಂಎಂ ಪ್ಲೈವುಡ್ ಮತ್ತು ಅಕ್ರಿಲಿಕ್ ಕಟ್ ಮಾಡಬೇಕು, ಆನ್‌ಲೈನ್‌ನಲ್ಲಿ '40 ವ್ಯಾಟ್' ಲೇಸರ್ ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಅದನ್ನು ಬಿಡಿ. 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಲೇಸರ್, ಬೆಳಕಿನ ಲೆಕ್ಕದಲ್ಲಿ ನಿಜವಾದ 10 ವ್ಯಾಟ್, ಡ್ರೈವರ್ (ಡಯೋಡ್‌ಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಸರ್ಕ್ಯೂಟ್) ಮತ್ತು ಫ್ಯಾನ್ ಸಮೇತ ಬರುವ ಮಾಡ್ಯೂಲ್ ತಗೊಳ್ಳಿ.

ಆ 40 ವ್ಯಾಟ್ ಅನ್ನುವುದು ಸಾಮಾನ್ಯವಾಗಿ ಒಳಗೆ ಹೋಗುವ ವಿದ್ಯುತ್ತಿನ ಲೆಕ್ಕ, ಎಷ್ಟೋ ಸಲ ಅದೂ ಉಬ್ಬಿಸಿದ್ದು. ನಮಗೆ ಬೇಕಿರುವುದು ಹೊರಗೆ ಬರುವ ಬೆಳಕಿನ ಲೆಕ್ಕ. ನೀಲಿ ಡಯೋಡ್ (ಲೇಸರ್ ಬೆಳಕು ಕೊಡುವ ಪುಟ್ಟ ಚಿಪ್) ತಾನು ಕುಡಿಯುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟನ್ನು ಬೆಳಕು ಮಾಡುತ್ತದೆ, ಉಳಿದದ್ದೆಲ್ಲ ಬಿಸಿ. ಡ್ರೈವರ್, ಫ್ಯಾನ್ ತಿನ್ನುವುದನ್ನೂ ಸೇರಿಸಿದರೆ ಕಾಲು ಭಾಗ ಅಂದುಕೊಳ್ಳಿ. ಹಾಗಾಗಿ ಮಾಡ್ಯೂಲ್ ಮೇಲಿನ ಸ್ಟಿಕ್ಕರ್ ಬಿಟ್ಟು, ಜೊತೆಗೆ ಕೊಡುವ ಅಡಾಪ್ಟರ್ ನೋಡಿ. 12 ವೋಲ್ಟ್ 2 ಆಂಪ್ ಅಂತ ಬರೆದಿದ್ದರೆ ಒಟ್ಟು ವಿದ್ಯುತ್ತೇ 24 ವ್ಯಾಟ್. ಅದರಿಂದ 5–6 ವ್ಯಾಟ್ ಬೆಳಕು ಬಂದರೆ ಪುಣ್ಯ. ನಿಜವಾದ 10 ವ್ಯಾಟ್ ಬೆಳಕು ಬೇಕಂದ್ರೆ ಸುಮಾರು 40 ವ್ಯಾಟ್ ವಿದ್ಯುತ್ ಕೊಡಲೇಬೇಕು. ಅಂಗಡಿಯವನು ಏನು ಬೇಕಾದರೂ ಬರೆಯಲಿ, ಈ ಗುಣಾಕಾರ ಮೋಸ ಮಾಡಲ್ಲ.

ಇನ್ನೊಂದು ಗುರುತೂ ಇದೆ. ಒಂದು ನೀಲಿ ಡಯೋಡ್‌ನಿಂದ ಸುಮಾರು 5–6 ವ್ಯಾಟ್ ಬೆಳಕು ಸಿಗುತ್ತದೆ. 10 ವ್ಯಾಟ್ ಮಾಡ್ಯೂಲ್ ಅಂದರೆ ಒಳಗೆ ಎರಡು ಡಯೋಡ್, ಎರಡರ ಕಿರಣವನ್ನೂ ಒಂದೇ ಚುಕ್ಕಿಗೆ ಸೇರಿಸಿರುತ್ತಾರೆ. 20 ವ್ಯಾಟ್‌ಗೆ ನಾಲ್ಕು ಡಯೋಡ್. ವಿವರದಲ್ಲಿ ಎಷ್ಟು ಡಯೋಡ್ ಅಂತಲೇ ಇಲ್ಲದಿದ್ದರೆ ನಾನು ಆ ಪೇಜ್ ಮುಚ್ಚಿಬಿಡುತ್ತೇನೆ.

ಬಿಡಿ ಡಯೋಡ್ ತಂದು ನಾನೇ ಜೋಡಿಸಲಾ ಅನ್ನೋ ಆಸೆ ಬರಬಹುದು. ಜಪಾನಿನ ನಿಚಿಯಾ ಕಂಪನಿಯ ಡಯೋಡ್‌ಗಳು, ಪ್ರೊಜೆಕ್ಟರ್‌ನಿಂದ ಬಿಚ್ಚಿದವು, ಹೀಗೆ ಬಿಡಿಯಾಗಿ ಸಿಗುತ್ತವೆ ನಿಜ. ಆದರೆ ಅದಕ್ಕೆ ಕರೆಂಟ್ ಹಿಡಿದಿಡುವ ಡ್ರೈವರ್ ಬೇಕು, ಲೆನ್ಸ್ ಬೇಕು, ಬಿಸಿ ಹೊರಹಾಕುವ ಹೀಟ್ ಸಿಂಕ್ ಬೇಕು. ಕೈಯಲ್ಲಿರುವ ಸ್ಟ್ಯಾಟಿಕ್ ಸಾಕು ಅದನ್ನು ಕೊಲ್ಲುವುದಕ್ಕೆ. ಕಲಿಯುವ ಖುಷಿಗೆ ಮಾಡಿ, ಕಟಿಂಗ್ ಕೆಲಸಕ್ಕೆ ಬೇಡ.

ಹಾಗಾದ್ರೆ 20 ವ್ಯಾಟ್ ಯಾಕೆ ಬೇಡ? ಕಟ್ ಮಾಡುವುದರಲ್ಲಿ ಅದೇ ಮೇಲು, ಸಂಶಯವಿಲ್ಲ. ಆದರೆ ಹೀಟ್ ಸಿಂಕ್ ಸೇರಿ ತೂಕ ಜಾಸ್ತಿ. ನಿಮ್ಮ ಹಳೇ ಫ್ರೇಮಿನ ಬೆಲ್ಟು, ಚಕ್ರ ಆ ಭಾರ ಹೊತ್ತು ಮೂಲೆಯಲ್ಲಿ ತಿರುಗುವಾಗ ಅಲುಗಾಡುತ್ತದೆ, ಗೆರೆ ಅಂಕುಡೊಂಕಾಗುತ್ತದೆ. 10 ವ್ಯಾಟ್‌ನಲ್ಲಿ ಒಳ್ಳೆಯ 3 ಎಂಎಂ ಪ್ಲೈ ಒಂದೆರಡು ಸುತ್ತಿನಲ್ಲಿ ತುಂಡಾಗುತ್ತದೆ. ಅಷ್ಟು ಸಾಕಲ್ವಾ?

'ಒಳ್ಳೆಯ ಪ್ಲೈ' ಅಂದೆ. ನಿಜವಾದ ತಲೆನೋವು ಇರುವುದೇ ಅಲ್ಲಿ. ಅಂಗಡಿಯಲ್ಲಿ ಕೇಳಿದರೆ 'ವಾಟರ್‌ಪ್ರೂಫ್ ತಗೊಳ್ಳಿ ಸಾರ್, ಗಟ್ಟಿ' ಅಂತಾರೆ. ಐಎಸ್ 710 (ಭಾರತೀಯ ಮಾನಕದ ಸಂಖ್ಯೆ) ಅಂತ ಮುದ್ರೆ ಇರುವ ಮರೀನ್ ಪ್ಲೈಗೆ ಫಿನಾಲಿಕ್ ಅಂಟು ಹಾಕಿರುತ್ತಾರೆ. ಅಡುಗೆಮನೆ ಕಪಾಟಿಗೆ ಅದು ಸರಿ, ಲೇಸರ್‌ಗೆ ಶತ್ರು. ಹಾಳೆಯ ಅಂಚು ನೋಡಿ, ಪದರಗಳ ನಡುವೆ ಕಡು ಕಂದು ಗೆರೆ ಕಾಣುತ್ತದೆ. ಕಿರಣ ಅಲ್ಲಿಗೆ ತಲುಪಿದಾಗ ಅಂಟು ಕರಗದೆ ಇದ್ದಿಲಾಗಿ ನಿಲ್ಲುತ್ತದೆ, ಆಮೇಲೆ ಎಷ್ಟು ಸುತ್ತು ಹೊಡೆದರೂ ಕೆಳಗಿನ ಪದರ ಹಾಗೇ. ಐಎಸ್ 303ರ ಎಂಆರ್ ಗ್ರೇಡ್, ಅಂದರೆ ಬಡಗಿಗಳು ಕಮರ್ಷಿಯಲ್ ಅನ್ನುವ ಪ್ಲೈ ಪರವಾಗಿಲ್ಲ. ಅದರಲ್ಲೂ ಒಳಗೆ ತೇಪೆ ಹಾಕಿದ ಜಾಗ ಸಿಕ್ಕರೆ ಅಷ್ಟು ಭಾಗ ಮಾತ್ರ ಕಚ್ಚಿಕೊಂಡು ಉಳಿಯುತ್ತದೆ. ಲೇಸರ್‌ಗೆ ಅಂತಲೇ ಮಾರುವ ಬಾಸ್‌ವುಡ್ ಅಥವಾ ಬರ್ಚ್ ಹಾಳೆ ದುಬಾರಿ, ಆದರೆ ವ್ಯಾಟ್‌ಗೆ ಸುರಿಯುವ ದುಡ್ಡನ್ನು ಇಲ್ಲಿ ಹಾಕಿದರೆ ಫಲ ಜಾಸ್ತಿ.

ಅಕ್ರಿಲಿಕ್ ವಿಷಯ ಸ್ವಲ್ಪ ನಿರಾಸೆಯದು. ಪಾರದರ್ಶಕ ಅಕ್ರಿಲಿಕ್ ಮೂಲಕ ನೀಲಿ ಬೆಳಕು ಸುಮ್ನೆ ಹಾದು ಹೋಗುತ್ತದೆ, ಅಡಿಯ ಹಲಗೆ ಸುಡುತ್ತದೆ. 10 ಅಲ್ಲ, 40 ವ್ಯಾಟ್ ಹಾಕಿದರೂ ಅಷ್ಟೇ. ಪಾರದರ್ಶಕ ನೀಲಿಯದೂ ಇದೇ ಕತೆ. ಕಪ್ಪು ಅಕ್ರಿಲಿಕ್ ಚೆನ್ನಾಗಿ ಕಟ್ ಆಗುತ್ತದೆ. ಪಾರದರ್ಶಕವೇ ಬೇಕು ಅಂದರೆ 10,600 ನ್ಯಾನೋಮೀಟರ್‌ನ ಸಿಒ2 ಮೆಷಿನ್ ಇರುವವರ ಹತ್ತಿರ ಮಾಡಿಸಿಕೊಳ್ಳಿ. ಸನ್‌ಬೋರ್ಡ್, ರೆಕ್ಸಿನ್ ಮಾತ್ರ ಯಾವ ಮೆಷಿನ್ನಿಗೂ ಹಾಕಬೇಡಿ. ಅವು ಬಹುತೇಕ ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಶ್ವಾಸಕೋಶಕ್ಕೂ ಕೆಡುಕು, ಮೆಷಿನ್ನಿನ ಕಬ್ಬಿಣವೂ ತುಕ್ಕು ಹಿಡಿಯುತ್ತದೆ.

ಗಾಳಿ ಊದುವ ನಾಜಲ್ ಇರುವ ಮಾಡ್ಯೂಲನ್ನೇ ಆರಿಸಿ. ಹೊಗೆಯೇ ಕಿರಣಕ್ಕೆ ಅಡ್ಡ ನಿಲ್ಲುತ್ತದೆ, ಲೆನ್ಸಿಗೆ ಮಸಿ ಹಿಡಿಯುತ್ತದೆ. ಅಕ್ವೇರಿಯಂ ಪಂಪ್ ಕೆತ್ತನೆಗೆ ಸಾಕು, ಕಟ್ ಮಾಡಲು ಇನ್ನೂ ಜೋರು ಗಾಳಿ ಬೇಕು.

ಕಿರಣ ಬೀಳುವ ಚುಕ್ಕಿ ಪೂರ್ತಿ ದುಂಡಗಿರುವುದಿಲ್ಲ, ಉದ್ದುದ್ದ ಇರುತ್ತದೆ. ಒಂದು ಚೌಕ ಕಟ್ ಮಾಡಿ ನೋಡಿ: ಎರಡು ಬದಿ ತೆಳುವಾಗಿ ನೀಟಾಗಿ ಬಂದಿರುತ್ತವೆ, ಉಳಿದೆರಡು ಅಗಲವಾಗಿ, ಕರ್ರಗೆ. ಇದು ಕೆಟ್ಟ ಮಾಲು ಅಂತಲ್ಲ. ಆದರೆ ಹಲಗೆಗಳ ಅಂಚಿನ ಹಲ್ಲುಗಳನ್ನು ಒಂದಕ್ಕೊಂದು ಕೂರಿಸಿ ಜೋಡಿಸುವ ಪೆಟ್ಟಿಗೆ ಮಾಡುವಾಗ ಎರಡೂ ದಿಕ್ಕಿನ ಅಳತೆ ಬೇರೆ ಬೇರೆ ಸರಿಮಾಡಬೇಕು.

ಕನ್ನಡಕದ ವಿಷಯದಲ್ಲಿ ಚೌಕಾಸಿ ಬೇಡ. ಸಾಮಾನ್ಯ ಲೇಸರ್ ಪಾಯಿಂಟರ್ ಅಂದರೆ ಸುಮಾರು 5 ಮಿಲಿವ್ಯಾಟ್, ಇದು ಅದರ 2000 ಪಟ್ಟು. ಮರದ ಮೇಲೆ ಬಿದ್ದು ಚದುರಿದ ಬೆಳಕೂ ಹತ್ತಿರದಿಂದ ಕಣ್ಣಿಗೆ ಅಪಾಯ. ಪುಕ್ಕಟೆ ಬರುವ ಹಸಿರು ಕನ್ನಡಕ ಪಕ್ಕಕ್ಕಿಡಿ. 450 ನ್ಯಾನೋಮೀಟರ್ ಒಳಗೊಂಡ ವ್ಯಾಪ್ತಿ ಮತ್ತು 'ಒಡಿ 5' ಅಥವಾ ಮೇಲೆ ಅಂತ ಗಾಜಿನ ಮೇಲೇ ಮುದ್ರಿಸಿರಬೇಕು. ಒಡಿ 5 ಅಂದರೆ ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುತ್ತದೆ. ಕಟ್ ಆಗುವಷ್ಟು ಹೊತ್ತೂ ಪಕ್ಕದಲ್ಲೇ ಇರಿ, ಪ್ಲೈಗೆ ಬೆಂಕಿ ಹತ್ತುವುದು ಅಪರೂಪವೇನಲ್ಲ.

ಮೋಟಾರು, ಲೇಸರ್ ಎರಡನ್ನೂ ನಡೆಸುವ ಬೋರ್ಡ್ ಯಾವುದು ಅಂತ ನೀವು ಬರೆದಿಲ್ಲ. ಆರ್ಡುಯಿನೋ ಊನೋ ಬೋರ್ಡ್ ಮೇಲೆ ಸಿಎನ್‌ಸಿ ಶೀಲ್ಡ್ (ಮೋಟಾರ್ ಜೋಡಿಸುವ ಮೇಲ್ಬೋರ್ಡ್) ಕೂರಿಸಿ, ಜಿಆರ್‌ಬಿಎಲ್ 1.1 ಅನ್ನೋ ಮೆಷಿನ್ ನಡೆಸುವ ಸಾಫ್ಟ್‌ವೇರ್ ಹಾಕುವುದಾದರೆ ಲೇಸರ್ ಸಿಗ್ನಲ್ ಬರುವುದು 11ನೇ ಪಿನ್ನಿನಲ್ಲಿ. ಶೀಲ್ಡ್‌ನ 3ನೇ ಆವೃತ್ತಿಯಲ್ಲಿ ಅದರ ಪಕ್ಕ ಝಡ್ ಎಂಡ್‌ಸ್ಟಾಪ್ (ಮೇಲೆ-ಕೆಳಗಿನ ಚಲನೆಯ ಕೊನೆ ಗುರುತಿಸುವ ಸ್ವಿಚ್) ಅಂತ ಅಚ್ಚಾಗಿರುತ್ತದೆ, ಗಲಿಬಿಲಿ ಆಗಬೇಡಿ. ಜಿಆರ್‌ಬಿಎಲ್‌ನ 32ನೇ ಸೆಟ್ಟಿಂಗ್ (ಲೇಸರ್ ಮೋಡ್) 1 ಮಾಡಿ, ಕಟಿಂಗ್ ಫೈಲಿನಲ್ಲಿ ಲೇಸರ್ ಹಚ್ಚಲು ಎಂ4 ಅನ್ನೋ ಆದೇಶ ಬಳಸಿ. ಮೂಲೆಯಲ್ಲಿ ವೇಗ ಇಳಿದಾಗ ಪವರ್ ಕೂಡ ತಾನೇ ಇಳಿಯುತ್ತದೆ, ಮೂಲೆ ಸುಡಲ್ಲ. ಸಿಗ್ನಲ್ ಮತ್ತು ಗ್ರೌಂಡ್ ನಡುವೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿ. ಬೋರ್ಡ್ ಆನ್ ಆಗುವ ಕ್ಷಣದಲ್ಲಿ ಲೇಸರ್ ತಾನಾಗೇ ಹೊತ್ತಿಕೊಳ್ಳುವುದು ಅದರಿಂದ ತಪ್ಪುತ್ತದೆ.