ಮೇಷ್ಟ್ರನ್ನು ಕೇಳಿ: ಐಸ್‌ಲ್ಯಾಂಡಿನಲ್ಲೂ ಗಮಕ ಇದೆಯಾ?

ಪ್ರಶ್ನೆ: ಮೇಷ್ಟ್ರೇ, ನಮ್ಮ ಮಗಳು ಓದಲು ಐಸ್‌ಲ್ಯಾಂಡಿಗೆ ಹೋಗಿದ್ದಾಳೆ. ಮೊನ್ನೆ ವಾಟ್ಸಾಪಿನಲ್ಲಿ ಅಲ್ಲಿಯ ಮುದುಕರೊಬ್ಬರ ಹಾಡು ಕಳಿಸಿದಳು. ವಾದ್ಯ ಇಲ್ಲ, ತಾಳ ಇಲ್ಲ. ಒಂದೇ ಧಾಟಿ, ಪದ್ಯದ ಕೊನೆಗೆ ಒಂದು ಎಳೆತ. ನಮ್ಮ ಯಜಮಾನರು ‘ಸಾವಿನ ಮನೆ ಹಾಡಾ ಇದು?’ ಅಂತ ನಕ್ಕರು. ನನಗೇಕೋ ನಿಮ್ಮ ಗಮಕ, ಅದೇ ರಾಗವಾಗಿ ಓದುವ ಭಾರತ ವಾಚನ ನೆನಪಾಯಿತು. ಏನಿದು?
– ಓದುಗರು, ಶಿರಾ

ಉತ್ತರ: ನಗಬೇಡಿ ಅಂತ ಯಜಮಾನರಿಗೆ ಹೇಳಿ, ತಾಯಿ. ನಿಮ್ಮ ಕಿವಿ ಸರಿಯಾಗೇ ಇದೆ. ಅದರ ಹೆಸರು ರೀಮುರ್. ವೀರರ, ರಾಜರ ಕಥೆಗಳನ್ನು ಹೇಳುವ ಉದ್ದುದ್ದ ಪದ್ಯಗಳು. ಉಳಿದುಬಂದಿರುವ ಹಳೆಯವು 14ನೇ ಶತಮಾನದವು.

ಮಧುಗಿರಿ ಕಡೆಯ ನಮ್ಮ ಊರಿನಲ್ಲಿ ಬಿತ್ತನೆಗೆ ಮುಂಚೆ ರಾತ್ರಿ ಹೊತ್ತು ಕಡಲೆಕಾಯಿ ಸುಲಿಯಲು ಜನ ಸೇರುತ್ತಿದ್ದರು. ನಮ್ಮಪ್ಪ ಲಾಟೀನು ಪಕ್ಕ ಕೂತು ಕುಮಾರವ್ಯಾಸನನ್ನು ಓದುತ್ತಿದ್ದರು. ಓದು ನಿಂತರೆ ಸುಲಿಯುವ ಕೈಯೂ ನಿಲ್ಲುತ್ತಿತ್ತು. ಹೊಲದ ಯಜಮಾನರಿಗೆ ಈ ಗುಟ್ಟು ಗೊತ್ತಿತ್ತು. ಅದಕ್ಕೇ ಅಪ್ಪನ ಮುಂದೆ ಬೆಲ್ಲದ ಕಾಫಿಯ ಲೋಟ ಖಾಲಿ ಇರುತ್ತಿರಲಿಲ್ಲ!

ಅಲ್ಲೂ ಹೆಚ್ಚುಕಡಿಮೆ ಹೀಗೇ. ಡಿಸೆಂಬರಿನಲ್ಲಿ ರಾಜಧಾನಿ ರೇಕ್ಯಾವಿಕ್‌ಗೆ ಹಗಲು ನಾಲ್ಕೇ ಗಂಟೆ. ಹುಲ್ಲು ಬೆಳೆದ ಮಣ್ಣಿನ ಹೆಂಟೆ, ಕಲ್ಲು ಸೇರಿಸಿ ಕಟ್ಟಿದ ಮನೆ. ಮನೆಯವರೆಲ್ಲ ಮಲಗುವ ಒಂದೇ ಕೋಣೆಯಲ್ಲಿ ಕೂತು ಉಣ್ಣೆ ನೂಲುತ್ತಿದ್ದರು, ಹೆಣೆಯುತ್ತಿದ್ದರು. ಒಬ್ಬರು ಕಥೆ ಓದಬೇಕು, ಇಲ್ಲವೇ ರೀಮುರ್ ಹೇಳಬೇಕು. ಈ ಸಂಜೆ ಕೂಟಕ್ಕೆ ಕ್ವೋಲ್ಡ್‌ವಾಕಾ ಅನ್ನುತ್ತಾರೆ. ಚೆನ್ನಾಗಿ ಹೇಳುವವರು ಊರೂರು ತಿರುಗುತ್ತಿದ್ದರು. ಹೋದಲ್ಲಿ ಊಟ, ಮಲಗಲು ಜಾಗ ಸಿಗುತ್ತಿತ್ತು.

ನನಗೆ ಇಷ್ಟವಾದದ್ದು ಅವರ ಪ್ರಾಸ. ನಮ್ಮದು ಆದಿಪ್ರಾಸ, ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಬೇಕು. ಅವರದು ಪದ ಶುರುವಾಗುವ ಸದ್ದು. ಮೊದಲ ಸಾಲಿನಲ್ಲಿ ಎರಡು ಪದ ಒಂದೇ ಸದ್ದಿನಿಂದ ಶುರುವಾಗಬೇಕು. ಎರಡನೇ ಸಾಲಿನಲ್ಲಿ ಮೊದಲ ಒತ್ತು ಬೀಳುವ ಪದವೂ ಅದೇ ಸದ್ದಿನದಾಗಬೇಕು. ಅ, ಇ, ಉ ಥರದ ಸ್ವರಾಕ್ಷರಗಳಿಗೆ ಮಾತ್ರ ರಿಯಾಯಿತಿ: ಯಾವ ಸ್ವರಾಕ್ಷರ ಬಂದರೂ ಒಂದೇ ಲೆಕ್ಕ. ಇದರ ಮೇಲೆ ಅಂತ್ಯಪ್ರಾಸ ಬೇರೆ. ಇಷ್ಟೆಲ್ಲ ಕಿವಿಗೆ ಬೀಳಬೇಕಾದರೆ ರಾಗ ಹಿಂದೆ ಸರಿಯಲೇಬೇಕು, ಅಲ್ವಾ? ‘ಒಂದೇ ಧಾಟಿ’ ಅಂದಿರಲ್ಲ, ಕಾರಣ ಅದು. ನಮ್ಮ ಗಮಕದಲ್ಲಿ ಸಂದರ್ಭ ಬದಲಾದರೆ ರಾಗ ಬದಲಾಯಿಸುತ್ತೇವೆ. ಅವರು ಒಂದು ಪುಟ್ಟ ಧಾಟಿ ಹಿಡಿದರೆ ಪದ್ಯದ ಮೇಲೆ ಪದ್ಯ ಅದರಲ್ಲೇ ಹೇಳುತ್ತಾರೆ. ಅಷ್ಟರ ಮಟ್ಟಿಗೆ ಇದು ಗಮಕ ಅಲ್ಲ.

ಪಾದ್ರಿಗಳಿಗೆ ಈ ಚಟ ಹಿಡಿಸಲಿಲ್ಲ. ಬಿಷಪ್ ಗುಡ್‌ಬ್ರಾಂಡುರ್ ಥೋರ್ಲಾಕ್ಸನ್ 1589ರ ತಮ್ಮ ಕೀರ್ತನೆ ಪುಸ್ತಕದ ಮುನ್ನುಡಿಯಲ್ಲೇ ರೀಮುರ್ ಹಾಡುವವರನ್ನು ಬೈದರು. ಜನ ಬಿಡಲಿಲ್ಲ. 1612ರಲ್ಲಿ ಅವರೇ ಇನ್ನೊಂದು ಪುಸ್ತಕ ತಂದರು. ಅದರಲ್ಲಿ ಬೈಬಲ್ ಕಥೆಗಳೇ ರೀಮುರ್ ಆಗಿದ್ದವು!

ಪ್ರಶ್ನೆ: ಹೋದ ಸಂಚಿಕೆಯಲ್ಲಿ ‘ಹಾರ್ಮೋನಿಯಂ ಬಂದು ನಮ್ಮ ಭಜನೆ ಕೆಟ್ಟಿತು’ ಎಂದು ಬರೆದಿರಿ. ನಮ್ಮ ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವವನು ನಾನೇ. ಸುಮ್ನೆ ಒಂದು ಪೆಟ್ಟಿಗೆಯಿಂದ ಹಾಡು ಕೆಡುತ್ತದಾ?
– ಓದುಗರು, ಚಿಂತಾಮಣಿ

ಉತ್ತರ: ಬೇಜಾರಾಗಬೇಡಿ. ಮಾತು ಸ್ವಲ್ಪ ಜಾಸ್ತಿಯಾಯಿತು, ಒಪ್ಪುತ್ತೇನೆ. ಆದರೆ ಐಸ್‌ಲ್ಯಾಂಡಿನದೇ ಒಂದು ಸಂಗತಿ ಕೇಳಿ.

ಅಲ್ಲಿ ತ್ವೀಸೊಂಗುರ್ ಅಂತ ಜೋಡಿ ಹಾಡಿಕೆ ಇತ್ತು. ಒಬ್ಬನ ಸ್ವರ ಷಡ್ಜ (ಸ) ಆದರೆ ಇನ್ನೊಬ್ಬನದು ಪಂಚಮ (ಪ). ಅದೇ ಅಂತರದಲ್ಲಿ ಇಬ್ಬರೂ ಜೊತೆಯಾಗಿ ಸಾಗಬೇಕು. ನಡುವೆ ಮೇಲಿನವನು ಕೆಳಗಿಳಿದು ಕೆಳಗಿನವನು ಮೇಲೇರುತ್ತಾನೆ. ಎಷ್ಟೋ ಧಾಟಿಗಳಲ್ಲಿ ನಮ್ಮ ಕಲ್ಯಾಣಿ ರಾಗದ ಹಾಗೆ ಪ್ರತಿಮಧ್ಯಮ, ಅಂದರೆ ಏರಿಸಿದ ‘ಮ’. 1840ರಲ್ಲಿ ರೇಕ್ಯಾವಿಕ್‌ನ ದೊಡ್ಡ ಚರ್ಚಿಗೆ ಆರ್ಗನ್ ಬಂತು. ಅದರ ಜೊತೆ ಡೆನ್ಮಾರ್ಕಿನ ಕಡೆಯ ಹೊಸ ಹಾಡಿಕೆಯೂ ಬಂತು. ಓದಿದವರಿಗೆ ಹಳೆಯ ಪಂಚಮ ಒರಟು ಅನ್ನಿಸತೊಡಗಿತು. ಸ್ವರ ತಪ್ಪಿರಲಿಲ್ಲ, ಕೇಳುವ ಕಿವಿ ಬದಲಾಗಿತ್ತು.

ಅವರಲ್ಲಿ ವಾದ್ಯವೇ ಇರಲಿಲ್ಲ ಅಂತಲ್ಲ. ಲಾಂಗ್‌ಸ್ಪಿಲ್ ಎಂಬ ಉದ್ದನೆಯ ಪೆಟ್ಟಿಗೆ ಇತ್ತು. ಒಂದು ತಂತಿಯಲ್ಲಿ ಹಾಡು, ಉಳಿದ ತಂತಿಗಳಲ್ಲಿ ಶ್ರುತಿ. ಅದು ಹಾಡಿಗೆ ಅಡ್ಡ ಬರಲಿಲ್ಲ, ನಮ್ಮ ಏಕತಾರಿಯ ಹಾಗೆ.

ಉಳಿಸಿದವರೂ ಒಬ್ಬ ಪಾದ್ರಿಯೇ ನೋಡಿ. ಉತ್ತರದ ಸಿಗ್ಲುಫ್ಯೋರ್ದುರ್ ಎಂಬ ಮೀನುಗಾರರ ಊರಿನ ಬ್ಯಾರ್ನಿ ಥೋರ್ಸ್ಟೈನ್ಸನ್. ವರ್ಷಗಟ್ಟಲೆ ಹಾಡು ಕೂಡಿಸಿ 1906ರಿಂದ 1909ರವರೆಗೆ ಅಚ್ಚು ಹಾಕಿಸಿದರು. ಆಮೇಲೆ 1929ರಲ್ಲಿ, ಹಳ್ಳಿ ಬಿಟ್ಟು ರೇಕ್ಯಾವಿಕ್ ಸೇರಿದ್ದ ಜನ ಇದುನ್ ಎಂಬ ಸಂಘ ಕಟ್ಟಿದರು. 1935–36ರಲ್ಲಿ ರೀಮುರ್ ಹೇಳುವ 200 ಧಾಟಿಗಳನ್ನು ಗ್ರಾಮಫೋನ್ ಥರದ ತಟ್ಟೆಗಳ ಮೇಲೆ ಧ್ವನಿ ಮುದ್ರಿಸಿಟ್ಟರು. ಪೇಟೆ ಸೇರಿದ ಮೇಲೆ ಊರಿನ ಹಾಡು ನೆನಪಾಗುವುದು ನಮ್ಮಲ್ಲೂ ಇದ್ದದ್ದೇ.

ಹಾರ್ಮೋನಿಯಂ ಬಿಡಬೇಡಿ. ವಾರಕ್ಕೊಂದು ದಿನ ಮಾತ್ರ ಅದನ್ನು ಮುಚ್ಚಿಡಿ. ನಿಮ್ಮ ಪಕ್ಕದಲ್ಲೇ ಕೈವಾರ. ತಾತಯ್ಯನವರ ತತ್ವಪದವನ್ನು ಬರೀ ಏಕತಾರಿಯ ಮೇಲೆ ಹಾಡಬಲ್ಲ ಹಿರಿಯರು ಯಾರಾದರೂ ಇದ್ದಾರಾ ನೋಡಿ. ಸಿಕ್ಕರೆ ಫೋನಿನಲ್ಲಿ ಹಿಡಿದು ನನಗೂ ಕಳಿಸಿ. ಶಿರಾದ ತಾಯಿಗೆ ಕಳಿಸುತ್ತೇನೆ, ಅವರ ಮಗಳೂ ಕೇಳಲಿ.