ದಿನಕ್ಕೊಂದು ಗಂಟೆ ಪಾಠ ರೆಕಾರ್ಡ್ ಮಾಡಲು ಎಷ್ಟು ಜಿಬಿ ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಚಿತ್ರದುರ್ಗದ ಮನೆಯಲ್ಲೇ ಪಿಯು ಗಣಿತ ಟ್ಯೂಷನ್ ಮಾಡುತ್ತೀರಿ. ವಾರಕ್ಕೆ ಐದು ದಿನ, ದಿನಕ್ಕೊಂದು ಗಂಟೆ, ಬೋರ್ಡ್ ಮುಂದೆ ನಿಂತು ವೆಬ್‌ಕ್ಯಾಮ್‌ನಲ್ಲಿ ಪಾಠ ರೆಕಾರ್ಡ್ ಮಾಡಬೇಕು. ಕಂಪ್ಯೂಟರ್‌ನಲ್ಲಿ 90 ಜಿಬಿ ಖಾಲಿ ಇದೆ. ಅಂಗಡಿಯವರು ನೋಡಿದರೆ 4 ಟಿಬಿ ಡಿಸ್ಕ್ ಇಲ್ಲದೆ ಆಗೋದೇ ಇಲ್ಲ ಅಂದಿದ್ದಾರೆ.

ಶುರು ಮಾಡೋಕೆ 90 ಜಿಬಿ ಧಾರಾಳ ಮೇಡಂ. ವರ್ಷಪೂರ್ತಿಗೆ ಸಾಲದು. 4 ಟಿಬಿ ಮಾತ್ರ ಸದ್ಯಕ್ಕೆ ಬೇಡವೇ ಬೇಡ.

ನಾನು ದಾವಣಗೆರೆಯಲ್ಲಿ ಟ್ಯೂಷನ್ ಮೇಷ್ಟ್ರುಗಳಿಗೆ ರೆಕಾರ್ಡಿಂಗ್ ಹೊಂದಿಸಿಕೊಡುತ್ತೇನೆ. ಎಲ್ಲರೂ ಕೇಳುವುದು ಒಂದೇ, ‘ಫುಲ್ ಎಚ್‌ಡಿಗೆ ಗಂಟೆಗೆ ಎಷ್ಟು ಜಿಬಿ?’ ಫುಲ್ ಎಚ್‌ಡಿ ಅನ್ನುವುದು ಚಿತ್ರದ ಅಳತೆ ಅಷ್ಟೇ. ಜಾಗ ತಿನ್ನುವುದು ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಡಿಸ್ಕಿಗೆ ಹೋಗುತ್ತದೆ ಅನ್ನುವುದು.

ಗಣಿತದವರಿಗೆ ಲೆಕ್ಕ ಹೇಳೋದು ಸರಿಯಲ್ಲ, ಆದರೂ ಹೇಳುತ್ತೇನೆ. 8 ಬಿಟ್‌ಗೆ 1 ಬೈಟ್. ಹಾಗಾಗಿ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಅಂದರೆ ಸೆಕೆಂಡಿಗೆ 1 ಎಂಬಿ (ಮೆಗಾಬೈಟ್), ಗಂಟೆಗೆ 3.6 ಜಿಬಿ. ಬಿಟ್‌ರೇಟನ್ನು 0.45ರಿಂದ ಗುಣಿಸಿದರೆ ಗಂಟೆಯ ಜಿಬಿ ಸಿಕ್ಕಿಬಿಡುತ್ತದೆ. ಆಡಿಯೊ ಚಿಂತೆ ಬಿಡಿ, 160 ಕೆಬಿಪಿಎಸ್‌ನಲ್ಲಿ ಗಂಟೆಗೆ 72 ಎಂಬಿ ಅಷ್ಟೆ.

ಯೂಟ್ಯೂಬ್ ತನ್ನ ಅಪ್‌ಲೋಡ್ ಸಲಹೆಯಲ್ಲಿ ಸೆಕೆಂಡಿಗೆ 30 ಫ್ರೇಮಿನ (ಬಿಡಿ ಚಿತ್ರದ) 1080ಪಿಗೆ, ಅಂದರೆ ಫುಲ್ ಎಚ್‌ಡಿಗೆ, 8 ಎಂಬಿಪಿಎಸ್ ಅನ್ನುತ್ತದೆ, ಅದಕ್ಕಿಂತ ದೊಡ್ಡ ಅಳತೆಯ 4ಕೆಗೆ 35ರಿಂದ 45. 4ಕೆ ಅಂದರೆ ಗಂಟೆಗೆ 16ರಿಂದ 20 ಜಿಬಿ ಆಯಿತು. ಬೋರ್ಡ್ ಪಾಠಕ್ಕೆ 4ಕೆ ಯಾಕೆ? ಮಕ್ಕಳು ನೋಡುವುದು ಮೊಬೈಲ್‌ನಲ್ಲಿ ಅಲ್ವಾ. ನನ್ನ ಕೇಳಿದರೆ ನಿಮಗೆ 1080ಪಿ, 4 ಎಂಬಿಪಿಎಸ್ ಸಾಕು. ಗಂಟೆಗೆ 1.8 ಜಿಬಿ, ವಾರಕ್ಕೆ 9 ಜಿಬಿ, ವರ್ಷಕ್ಕೆ 200 ಗಂಟೆ ಪಾಠ ಅಂದುಕೊಂಡರೆ 360 ಜಿಬಿ.

ಇಷ್ಟು ಕಡಿಮೆಗೆ ಹೇಗೆ ಸಾಕಾಗುತ್ತದೆ ಅಂದರೆ, ಎಚ್.264ನಂಥ ಕೋಡೆಕ್ (ವಿಡಿಯೊ ಕುಗ್ಗಿಸಿ ಬರೆಯುವ ವಿಧಾನ) ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಹಿಂದಿನ ಫ್ರೇಮಿಗಿಂತ ಏನು ಬದಲಾಗಿದೆಯೋ ಹೆಚ್ಚಾಗಿ ಅದನ್ನಷ್ಟೇ ಬರೆಯುತ್ತದೆ. ಏನೂ ಕುಗ್ಗಿಸದೆ ಫುಲ್ ಎಚ್‌ಡಿ ಬರೆದರೆ ಗಂಟೆಗೆ ಹತ್ತಿರ ಹತ್ತಿರ 336 ಜಿಬಿ ಬೇಕು. ನಿಮ್ಮ 90 ಜಿಬಿ ಕಾಲು ಗಂಟೆಗೇ ಮುಗಿಯುತ್ತದೆ! ಬೋರ್ಡ್ ನಿಂತಲ್ಲೇ ನಿಂತಿರುತ್ತದೆ, ಅಲ್ಲಾಡುವುದು ನೀವು ಮತ್ತು ನಿಮ್ಮ ಕೈ. ಕೋಡೆಕ್‌ಗೆ ಇದಕ್ಕಿಂತ ಸುಲಭದ ಕೆಲಸ ಇಲ್ಲ.

ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಪಾಠ ಮಾಡೋಕೆ ಆಗಲ್ಲ. ಹಿಂದೆ ಕಿಟಕಿ ಪರದೆ ಇದ್ದರೆ ಅದು ಗಂಟೆಪೂರ್ತಿ ಹಾರಾಡುತ್ತದೆ, ಕೋಡೆಕ್ ಪಾಪ ಅದನ್ನೂ ಬರೆಯುತ್ತಾ ಕೂರುತ್ತದೆ. ಅದಕ್ಕಿಂತ ಕೆಟ್ಟದ್ದು ಮಂದ ಬೆಳಕು. ವೆಬ್‌ಕ್ಯಾಮ್‌ಗೆ ಬೆಳಕು ಸಾಲದಿದ್ದರೆ ಚಿತ್ರದ ತುಂಬ ಮರಳಿನಂತೆ ಕಾಳು ಕಾಳು ಏಳುತ್ತದೆ. ಖಾಲಿ ಗೋಡೆಯನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ಗೊತ್ತಾಗುತ್ತದೆ. ಆ ಕಾಳುಗಳು ಪ್ರತಿ ಫ್ರೇಮಿನಲ್ಲೂ ಜಾಗ ಬದಲಿಸುತ್ತವೆ, ಕೋಡೆಕ್‌ಗೆ ಅದೂ ಬದಲಾವಣೆಯೇ. ಬಿಟ್‌ರೇಟ್ ಗಟ್ಟಿಯಾಗಿ ನಿಗದಿ ಮಾಡಿದ್ದರೆ ಅಕ್ಷರ ಮಸುಕಾಗುತ್ತದೆ. ಗುಣಮಟ್ಟ ನಿಗದಿ ಮಾಡಿ ಬಿಟ್‌ರೇಟನ್ನು ಅದರ ಪಾಡಿಗೆ ಬಿಟ್ಟಿದ್ದರೆ ಫೈಲ್ ಊದಿಕೊಳ್ಳುತ್ತದೆ. ಡಿಸ್ಕಿಗೆ ದುಡ್ಡು ಹಾಕುವ ಮೊದಲು ಇನ್ನೊಂದು ಟ್ಯೂಬ್‌ಲೈಟ್ ಹಾಕಿಸಿ, ಪರದೆ ಕಟ್ಟಿಬಿಡಿ.

ಆಮೇಲೆ ಹತ್ತು ನಿಮಿಷ ನಿಜವಾದ ಪಾಠವನ್ನೇ ರೆಕಾರ್ಡ್ ಮಾಡಿ, ಫೈಲ್ ಸೈಜನ್ನು ಆರರಿಂದ ಗುಣಿಸಿ. ನನ್ನ ಮಾತಿಗಿಂತ ಆ ಅಂಕಿಯನ್ನು ನಂಬಿ.

ಎಡಿಟ್ ಮಾಡುವವರಾದರೆ ಲೆಕ್ಕ ಬೇರೆ. ಮೂಲ ಫೈಲ್, ಎಕ್ಸ್‌ಪೋರ್ಟ್ ಮಾಡಿದ ಫೈಲ್, ನಡುವೆ ಎಡಿಟಿಂಗ್ ಸಾಫ್ಟ್‌ವೇರ್ ಸೃಷ್ಟಿಸುವ ಕ್ಯಾಶ್ (ತಾತ್ಕಾಲಿಕ ಫೈಲ್‌ಗಳು) ಎಲ್ಲಾ ಸೇರಿ ಒಂದು ಪಾಠಕ್ಕೆ ಮೂರರಷ್ಟು ಜಾಗ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಕ್ಯಾಶ್ ಅಳಿಸಬಹುದು. ವಿಂಡೋಸ್ ಇರುವ ಎಸ್‌ಎಸ್‌ಡಿ ಭರ್ತಿಯಾಗಲು ಬಿಡಬೇಡಿ, 30 ಜಿಬಿಯಾದರೂ ಖಾಲಿ ಇರಲಿ. ಹಾಗಾದರೆ ನಿಮ್ಮ ಕೈಗೆ ಸಿಗುವುದು 60 ಜಿಬಿ, ಎಡಿಟ್ ಮಾಡದಿದ್ದರೆ ಆರು ವಾರದ ಪಾಠ. ಅಷ್ಟರೊಳಗೆ 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ತಗೊಳ್ಳಿ. ವಿಂಡೋಸ್ ಅದನ್ನು 931 ಜಿಬಿ ಅಂತ ತೋರಿಸುತ್ತದೆ. ಅಂಗಡಿಗೆ ಹೋಗಿ ಜಗಳ ಮಾಡಬೇಡಿ, ಎಣಿಸುವ ರೀತಿ ಬೇರೆ ಅಷ್ಟೇ. ಬೆಲೆ ಹೊಂದಿದರೆ ಅಂಥವು ಎರಡು ತಗೊಂಡು ಎರಡರಲ್ಲೂ ಒಂದೊಂದು ಕಾಪಿ ಇಡಿ. ಒಂದೇ 4 ಟಿಬಿಗಿಂತ ಅದು ವಾಸಿ.

ಯೂಟ್ಯೂಬ್‌ಗೆ ಹಾಕಿದ್ದೀನಲ್ಲ ಅಂತ ಮೂಲ ಅಳಿಸುವವರಿದ್ದಾರೆ. ಯೂಟ್ಯೂಬ್ ಸ್ಟುಡಿಯೋದಿಂದ ನಿಮ್ಮದೇ ವಿಡಿಯೊ ಇಳಿಸಿಕೊಂಡರೂ ಸಿಗುವುದು 720ಪಿ ಅಥವಾ ಅದಕ್ಕಿಂತ ಕಡಿಮೆ.

ನಿಮ್ಮದು ಡೆಸ್ಕ್‌ಟಾಪ್ ಅಂದಿರಿ, ಯುಪಿಎಸ್ ಇಲ್ಲ ಅಂದಿರಿ. ಹಾಗಿದ್ದರೆ ಒಬಿಎಸ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಎಂಕೆವಿ ಅನ್ನುವ ಫೈಲ್ ಬಗೆಯಲ್ಲಿ ರೆಕಾರ್ಡ್ ಮಾಡಿ. ನಡುವೆ ಕರೆಂಟ್ ಹೋದರೆ ಮಾಮೂಲಿ ಎಂಪಿ4 ಫೈಲ್ ಸಾಮಾನ್ಯವಾಗಿ ತೆರೆಯುವುದೇ ಇಲ್ಲ, ಎಂಕೆವಿಯಲ್ಲಿ ಅಲ್ಲಿಯವರೆಗಿನ ಪಾಠ ಉಳಿಯುತ್ತದೆ. ಆಮೇಲೆ ಒಬಿಎಸ್‌ನ ಫೈಲ್ ಮೆನುವಿನಲ್ಲಿರುವ ರೀಮಕ್ಸ್‌ನಿಂದ ಅದನ್ನು ಎಂಪಿ4 ಮಾಡಿಕೊಳ್ಳಿ. ಗುಣಮಟ್ಟ ಇಳಿಯಲ್ಲ. ಆದರೆ ಅಷ್ಟೇ ದೊಡ್ಡ ಇನ್ನೊಂದು ಫೈಲ್ ಹುಟ್ಟುತ್ತದೆ, ಎಂಪಿ4 ಸರಿಯಾಗಿ ಓಡುತ್ತಿದೆಯೇ ಅಂತ ನೋಡಿ ಎಂಕೆವಿ ಅಳಿಸಿ.

ಮಕ್ಕಳು ಪೆನ್‌ಡ್ರೈವ್ ತಂದು ಕೊಡುತ್ತಾರೆ ಅಂದಿರಿ. 32 ಜಿಬಿ ಖಾಲಿ ಇದ್ದರೂ ಫೈಲ್ ಹಿಡಿಸಲ್ಲ ಅಂದರೆ ಅದರ ಫಾರ್ಮ್ಯಾಟ್ (ಫೈಲ್ ಜೋಡಿಸಿಡುವ ರೀತಿ) ಫ್ಯಾಟ್32 ಆಗಿರುತ್ತದೆ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಫಾರ್ಮ್ಯಾಟ್‌ನಲ್ಲಿ ಎಲ್ಲಾ ಅಳಿದುಹೋಗುತ್ತದೆ, ಅದಕ್ಕೆ ಆ ಹುಡುಗನ ಹತ್ತಿರ ಒಂದು ಮಾತು ಕೇಳಿಕೊಂಡೇ ಮಾಡಿ.