ಪೋರ್ಟ್ ತೆರೆದರೂ ‘ಕ್ಲೋಸ್ಡ್’ ಅಂತಲೇ ಬರುತ್ತಾ? ರೂಟರ್ ರೀಸೆಟ್ ಮಾಡೋದು ಮೊದಲು ನಿಲ್ಲಿಸಿ

ಪ್ರಶ್ನೆ: ಮನೆಯ ಕಂಪ್ಯೂಟರ್‌ನಲ್ಲಿ ಮೈನ್‌ಕ್ರಾಫ್ಟ್ ಸರ್ವರ್ ಹಾಕಿದ್ದೇನೆ. ರೂಟರ್‌ನಲ್ಲಿ 25565 ಫಾರ್ವರ್ಡ್ ಮಾಡಿದ್ದೇನೆ. ಮನೆಯೊಳಗೆ ಚೆನ್ನಾಗಿ ಓಡುತ್ತೆ, ಹೊರಗಿರುವ ಗೆಳೆಯರಿಗೆ ಮಾತ್ರ ಸಿಗಲ್ಲ. ಮೂರು ಸಲ ರೂಟರ್ ರೀಸೆಟ್ ಮಾಡಿದೆ. ಯಾವುದೋ ವಿಡಿಯೊ ನೋಡಿ ಫೈರ್‌ವಾಲ್ ಕೂಡ ಆಫ್ ಮಾಡಿದೆ. ಆದರೂ ಪೋರ್ಟ್ ಕ್ಲೋಸ್ಡ್ ಅಂತ ತೋರಿಸುತ್ತೆ. ಎಲ್ಲಿ ತಪ್ಪಿದೆ?

ಮೊದಲು ಫೈರ್‌ವಾಲ್ ಆನ್ ಮಾಡಿ ಬನ್ನಿ, ಆಮೇಲೆ ಮುಂದೆ ಓದಿ.

ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಇದೇ ಪ್ರಶ್ನೆ. ಫಾರ್ವರ್ಡಿಂಗ್ ರೂಲ್ (ಹೊರಗಿನಿಂದ ಈ ಪೋರ್ಟ್‌ಗೆ, ಅಂದರೆ ಈ ಸಂಖ್ಯೆಯ ಬಾಗಿಲಿಗೆ, ಬಂದದ್ದನ್ನು ಈ ಕಂಪ್ಯೂಟರ್‌ಗೆ ಕಳಿಸು ಅನ್ನುವ ಸೂಚನೆ) ಹಾಕಿದ ಸ್ಕ್ರೀನ್‌ಶಾಟ್ ಎಲ್ಲರೂ ಕಳಿಸುತ್ತಾರೆ, ರೂಟರ್‌ನ ವ್ಯಾನ್ ಐಪಿ (ಹೊರಗಿನ ಕಡೆಗಿರುವ ವಿಳಾಸ) ಎಷ್ಟು ಅಂತ ಒಬ್ಬರೂ ಬರೆಯುವುದಿಲ್ಲ. ನೋಡಬೇಕಾದದ್ದು ಅದೊಂದನ್ನೇ. ರೂಟರ್‌ಗೆ ಲಾಗಿನ್ ಆಗಿ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಂತ ಇರುತ್ತದೆ, ಬರೆದುಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ ‘ನನ್ನ ಐಪಿ ಏನು’ ಅಂತ ಹುಡುಕಿ (ವಿಪಿಎನ್ ಇದ್ದರೆ ಆಫ್ ಮಾಡಿ). ಎರಡೂ ಒಂದೇ ಸಂಖ್ಯೆಯಾ? ಅಲ್ಲ ಅಂದರೆ ನಿಮ್ಮ ರೂಲ್ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ.

ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾದರೆ, ಅಂದರೆ 100.72 ಏನೋ ಅಂತ ಇದ್ದರೆ, ಅದು ಸಿಜಿನ್ಯಾಟ್. ಐಪಿವಿ4 ಅನ್ನುವ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ, ಹೊಸದಾಗಿ ಹಂಚಲು ಇಟ್ಟಿದ್ದ ಮುಖ್ಯ ದಾಸ್ತಾನು 2011ರಲ್ಲೇ ಖಾಲಿಯಾಯಿತು. ಹಾಗಾಗಿ ಇಂಟರ್ನೆಟ್ ಕಂಪನಿಗಳು ಒಂದೇ ಪಬ್ಲಿಕ್ ಐಪಿಯ ಹಿಂದೆ ಎಷ್ಟೋ ಮನೆಗಳನ್ನು ಕೂರಿಸುತ್ತವೆ, ಇದೇ ಸಿಜಿನ್ಯಾಟ್. ಈ 100.64ರ ಗುಂಪನ್ನು 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟರು. ನಿಮ್ಮ ಗೆಳೆಯ ಬಾಗಿಲು ತಟ್ಟುವುದು ಕಂಪನಿಯ ಯಂತ್ರದ ಹತ್ತಿರ. ಅದು ಯಾರ ಮನೆಗೆ ಅಂತ ಆ ಯಂತ್ರಕ್ಕೆ ಗೊತ್ತಿಲ್ಲ, ಅಲ್ಲೇ ಬಿಸಾಕುತ್ತದೆ. ನಿಮ್ಮ ರೂಟರ್‌ಗೆ ಸುದ್ದಿಯೇ ಬರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನೀವು ಅದನ್ನು ಮೂರು ಸಲ ರೀಸೆಟ್ ಮಾಡಿದ್ದೀರಿ.

192.168 ಅಥವಾ 10ರಿಂದ ಶುರುವಾದರೆ, ಮನೆಯಲ್ಲೇ ಇನ್ನೊಂದು ಡಬ್ಬಿ ಇದೆಯಾ ನೋಡಿ. ಕಂಪನಿ ಕೊಟ್ಟ ಮೋಡೆಮ್ಮೇ ಒಂದು ರೂಟರ್, ಅದರ ಹಿಂದೆ ನೀವು ಕೊಂಡ ರೂಟರ್. ಒಂದನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ ಹಾಗೆ) ಹಾಕಿ, ಮುಗಿಯಿತು. ಇನ್ನೊಂದು ಡಬ್ಬಿ ಇಲ್ಲದೆಯೂ 10 ಅಂತ ಬಂದರೆ ಅದೂ ಕಂಪನಿಯ ಸಿಜಿನ್ಯಾಟೇ.

ಸಿಜಿನ್ಯಾಟ್ ಆದರೆ ದಾರಿ ಇಷ್ಟೇ. ಕಂಪನಿಗೆ ಫೋನ್ ಮಾಡಿ ಪಬ್ಲಿಕ್ ಐಪಿ ಕೇಳಿ. ‘ಪೋರ್ಟ್ ತೆರೆದುಕೊಡಿ’ ಅಂತ ಕೇಳಬೇಡಿ, ಎತ್ತಿಕೊಂಡವರು ಮತ್ತೆ ರೂಟರ್ ರೀಸೆಟ್ ಮಾಡಿ ಅನ್ನುತ್ತಾರೆ. ಕೊಡುವುದಿಲ್ಲ ಅಂದರೆ ಟೇಲ್‌ಸ್ಕೇಲ್ ಥರದ ಖಾಸಗಿ ನೆಟ್‌ವರ್ಕ್ ಆ್ಯಪ್ ನೀವೂ ಹಾಕಿಕೊಳ್ಳಿ, ಗೆಳೆಯರಿಗೂ ಹಾಕಿಸಿ. ನಾಲ್ಕೈದು ಜನ ಆಡುವುದಕ್ಕೆ ಅಷ್ಟು ಸಾಕು, ಪೋರ್ಟ್ ತೆರೆಯುವ ಗೋಜೇ ಇಲ್ಲ. ಎರಡೂ ಕಡೆ ಐಪಿವಿ6 (ವಿಳಾಸಗಳ ಕೊರತೆಯಿಲ್ಲದ ಹೊಸ ಪದ್ಧತಿ) ಇದ್ದರೆ ಇನ್ನೂ ಸುಲಭ, ಅಲ್ಲಿ ಫಾರ್ವರ್ಡಿಂಗ್ ಬೇಡ, ರೂಟರ್‌ನ ಫೈರ್‌ವಾಲ್‌ನಲ್ಲಿ ಆ ಒಂದು ಪೋರ್ಟ್‌ಗೆ ಅನುಮತಿ ಕೊಟ್ಟರೆ ಆಯಿತು. ‘ಡೈನಾಮಿಕ್ ಡಿಎನ್ಎಸ್ ಹಾಕಿ, ಸಿಜಿನ್ಯಾಟ್ ಹೋಗುತ್ತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಬದಲಾಗುತ್ತಿರುವ ವಿಳಾಸಕ್ಕೆ ಒಂದು ಹೆಸರು ಕೊಡುತ್ತದೆ, ಅಷ್ಟೇ. ವಿಳಾಸವೇ ನಿಮ್ಮದಲ್ಲದ ಮೇಲೆ ಹೆಸರು ಕಟ್ಟಿಕೊಂಡು ಏನು ಮಾಡುತ್ತೀರಿ?

ಸರಿ, ಎರಡೂ ಸಂಖ್ಯೆ ಒಂದೇ ಬಂತು ಅಂದುಕೊಳ್ಳಿ. ಆಗ ತಪ್ಪು ನಿಮ್ಮ ಮನೆಯೊಳಗಿದೆ. ನನ್ನದೇ ಕಥೆ ಕೇಳಿ. ಒಮ್ಮೆ ಎರಡು ಸಂಜೆ ಪೂರ್ತಿ ಕೂತು ತಲೆ ಕೆರೆದುಕೊಂಡೆ. ರೂಲ್ 192.168.1.7ಕ್ಕೆ ಇತ್ತು, ಹಿಂದಿನ ವಾರದ ತನಕ ಚೆನ್ನಾಗಿ ನಡೆದಿತ್ತು. ಕೊನೆಗೆ ರೂಟರ್‌ನಲ್ಲಿ ಸೇರಿಕೊಂಡಿರುವ ಸಾಧನಗಳ ಪಟ್ಟಿ ತೆಗೆದು ನೋಡಿದರೆ ಕಂಪ್ಯೂಟರ್ 12ಕ್ಕೆ ಹೋಗಿದೆ, 7ರಲ್ಲಿ ಪ್ರಿಂಟರ್ ಕೂತಿದೆ! ಎರಡು ದಿನ ನಾನು ಪ್ರಿಂಟರ್‌ಗೆ ಪೋರ್ಟ್ ತೆರೆದುಕೊಟ್ಟಿದ್ದೆ. ಅದಕ್ಕೇ ಡಿಎಚ್‌ಸಿಪಿ ರಿಸರ್ವೇಶನ್ ಅಂತ ಒಂದಿದೆ, ಆ ಕಂಪ್ಯೂಟರ್‌ಗೆ ಸದಾ ಅದೇ ಐಪಿ ಸಿಗುವ ಹಾಗೆ ಮೊದಲು ಅದನ್ನು ಹಾಕಿ, ರೂಲ್ ಆಮೇಲೆ.

ಇನ್ನೊಂದು ಮಾತು, ಪೋರ್ಟ್ ಚೆಕ್ ಮಾಡುವಾಗ ಸರ್ವರ್ ಓಡುತ್ತಿರಬೇಕು. ಒಳಗೆ ಯಾರೂ ಇಲ್ಲದಿದ್ದರೆ ‘ಓಪನ್’ ಅಂತ ಬರುವುದು ಹೇಗೆ? ಮೈನ್‌ಕ್ರಾಫ್ಟ್ ಜಾವಾಕ್ಕೆ 25565, ಟಿಸಿಪಿ. ಬೆಡ್‌ರಾಕ್ ಆದರೆ 19132, ಯುಡಿಪಿ (ಟಿಸಿಪಿ, ಯುಡಿಪಿ ಅನ್ನುವುದು ಡೇಟಾ ಕಳಿಸುವ ಎರಡು ಬೇರೆ ವಿಧಾನ). ಚೆಕ್ ಮಾಡುವ ತಾಣಗಳಲ್ಲಿ ಹೆಚ್ಚಿನವು ಟಿಸಿಪಿ ಮಾತ್ರ ನೋಡುತ್ತವೆ. ಮನೆಯ ವೈಫೈನಲ್ಲೇ ಕೂತು ನಿಮ್ಮ ಪಬ್ಲಿಕ್ ಐಪಿ ಹೊಡೆದು ನೋಡಬೇಡಿ, ಕೆಲವು ರೂಟರ್‌ಗಳು ಅದನ್ನು ಒಳಗೆ ತಿರುಗಿಸುವುದೇ ಇಲ್ಲ. ಮೊಬೈಲ್ ಡೇಟಾದಿಂದ ನೋಡಿ. ವಿಂಡೋಸ್ ಫೈರ್‌ವಾಲ್‌ನಲ್ಲಿ ಜಾವಾಕ್ಕೆ ‘ಪ್ರೈವೇಟ್’ ನೆಟ್‌ವರ್ಕ್‌ಗೆ ಅನುಮತಿ ಕೊಟ್ಟು, ಮನೆಯ ವೈಫೈಯನ್ನು ‘ಪಬ್ಲಿಕ್’ ಅಂತ ಗುರುತು ಹಾಕಿದ್ದರೂ ಹೀಗೇ ಆಗುತ್ತದೆ.

ಪ್ರಶ್ನೆ: ಡಿಎಂಝಡ್ ಆನ್ ಮಾಡಿದರೆ ಒಂದೇ ಸಲಕ್ಕೆ ಎಲ್ಲ ಸರಿಹೋಗುತ್ತಂತೆ?

ಡಿಎಂಝಡ್ ಅಂದರೆ ಒಂದು ಕಂಪ್ಯೂಟರ್‌ನ ಎಲ್ಲ ಪೋರ್ಟ್‌ಗಳನ್ನೂ ಹೊರಗೆ ತೆರೆದಿಡುವುದು. ಕೀಲಿ ಸಿಗಲಿಲ್ಲ ಅಂತ ಬಾಗಿಲನ್ನೇ ಕಿತ್ತಿಡುತ್ತೀರಾ? ಬೇಡ.

ಪ್ರಶ್ನೆ: ಪೋರ್ಟ್ ತೆರೆದರೆ ಇಂಟರ್ನೆಟ್ ಸ್ಪೀಡ್ ಜಾಸ್ತಿ ಆಗುತ್ತಾ?

ಇಲ್ಲ.

ಪ್ರಶ್ನೆ: ಆಫೀಸಿನಿಂದ ಮನೆಯ ಕಂಪ್ಯೂಟರ್ ನೋಡಲು ರಿಮೋಟ್ ಡೆಸ್ಕ್‌ಟಾಪ್ ತೆರೆದಿದ್ದೇನೆ. ಅದರ ಮಾಮೂಲಿ ಪೋರ್ಟ್ 3389 ಬದಲು 50389 ಇಟ್ಟಿದ್ದೇನೆ, ಸೇಫ್ ಅಲ್ವಾ? ಕ್ಯಾಮೆರಾದ ಡಿವಿಆರ್‌ಗೂ ಹೀಗೇ ಮಾಡಬಹುದಾ?

ಸೇಫ್ ಅಲ್ಲ. ಇರುವುದು 65,535 ಪೋರ್ಟ್, ಒಂದು ವಿಳಾಸದಲ್ಲಿ ಅಷ್ಟನ್ನೂ ತಡಕಿ ನೋಡುವುದು ಯಂತ್ರಕ್ಕೆ ಲೆಕ್ಕವೇ ಅಲ್ಲ. ನಾನು ಪರೀಕ್ಷೆಗೆಂದು ಎಸ್ಎಸ್ಎಚ್‌ನ (ದೂರದಿಂದ ಕಂಪ್ಯೂಟರ್‌ಗೆ ಲಾಗಿನ್ ಆಗುವ ವ್ಯವಸ್ಥೆ) ಪೋರ್ಟ್ 22 ತೆರೆದಿಟ್ಟ ದಿನ, ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಲಾಗ್‌ನಲ್ಲಿ ರೂಟ್, ಅಡ್ಮಿನ್, ಟೆಸ್ಟ್, ಮತ್ತೆ ರೂಟ್ ಅಂತ ಸಾಲು ಸಾಲು ಪ್ರಯತ್ನ. ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ 2019ರಲ್ಲಿ ಬ್ಲೂಕೀಪ್ ಅನ್ನುವ ದೋಷ ಸಿಕ್ಕಿತು, ಹಳೆಯ ವಿಂಡೋಸ್‌ಗಳಲ್ಲಿ ಅದಕ್ಕೆ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಇನ್ನು ಕ್ಯಾಮೆರಾ, ಡಿವಿಆರ್: 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಇವನ್ನೇ ಲಕ್ಷಗಟ್ಟಲೆ ಹಿಡಿದಿತ್ತು. ಅದು ಮಾಡಿದ್ದು ಅರವತ್ತು ಚಿಲ್ಲರೆ ಫ್ಯಾಕ್ಟರಿ ಪಾಸ್‌ವರ್ಡ್ ಇಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಿದ್ದು. ಕ್ಯಾಮೆರಾ ಹಾಕಲು ಬಂದವನು ‘ಅಡ್ಮಿನ್, ಅಡ್ಮಿನ್ ಸಾಕು ಸಾರ್’ ಅಂದರೆ ಅವನ ಎದುರಿಗೇ ಬದಲಾಯಿಸಿ.

ಎರಡಕ್ಕೂ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿಕೊಳ್ಳಿ. ತೆರೆಯಬೇಕಾದ್ದು ಒಂದೇ ಯುಡಿಪಿ ಪೋರ್ಟ್, ಸಾಮಾನ್ಯವಾಗಿ 51820. ಸರಿಯಾದ ಕೀ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ.

ಪ್ರಶ್ನೆ: ಯುಪಿಎನ್‌ಪಿ ಆನ್ ಇರಲಾ, ಆಫ್ ಇರಲಾ?

ನನ್ನ ಮನೆಯಲ್ಲಿ ಆಫ್. ಒಳಗಿರುವ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮನ್ನು ಕೇಳದೆ ಪೋರ್ಟ್ ತೆರೆಸಿಕೊಳ್ಳಬಹುದು ಅನ್ನುವುದು ನನಗೆ ಸರಿಬರುವುದಿಲ್ಲ. ಆಟದ ಕನ್ಸೋಲ್ ತಕರಾರು ತೆಗೆದರೆ ಅದೊಂದಕ್ಕೆ ಕೈಯಾರೆ ರೂಲ್ ಹಾಕಿ. ಆಫ್ ಮಾಡಿದ ಮೇಲೆ ರೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ, ಹಳೆಯ ನಮೂದುಗಳು ಅಲ್ಲೇ ಉಳಿದಿರಬಹುದು. ರೀಸ್ಟಾರ್ಟ್ ಅಂದೆ, ರೀಸೆಟ್ ಅಲ್ಲ.